ತಣ್ಣಗಿನ ಊಟಕ್ಕೆ ಉಪ್ಪು

ಕೋಳಿ ಆರಿತ್ತು. ವೆಂಕ್ಟ್ರಮಣ ಎರಡನೇ ಸಲ ಬಗ್ಗಿ, ಮೂಗಿನ ತುದಿ ಮಾಂಸಕ್ಕೆ ತಾಗುವಷ್ಟು ಹತ್ತಿರ ತಂದು ಉಸಿರೆಳೆದ. ಅದು ಏನೂ ಹೇಳಲಿಲ್ಲ. ಬೆಳಿಗ್ಗೆ ಒಲೆಯ ಮೇಲೆ ಕುದಿಯುತ್ತಿದ್ದಾಗ ಎಲ್ಲ ಹೇಳಿತ್ತು. ಮೆಣಸು ಇಷ್ಟು, ಬೆಳ್ಳುಳ್ಳಿ ಇಷ್ಟು, ಉಪ್ಪು ಹಿಡಿದಿದೆ, ಇನ್ನು ಇಳಿಸು. ಹಬೆಗೆ ಮುಖ ಒಡ್ಡಿದರೆ ಅವನಿಗೆ ಸಾಕು. ಹೊನ್ನಾವರದ ಗುಡ್ಡದ ಮೇಲಿನ ಈ ಸರ್ಕಾರಿ ಬಂಗಲೆಯ ಅಡುಗೆಮನೆಯಲ್ಲಿ ಹದಿಮೂರು ವರ್ಷ ಹಾಗೇ ನಡೆದಿತ್ತು. ಒಂದು ದಿನವೂ ಸೌಟು ಬಾಯಿಗೆ ಮುಟ್ಟಿಸದೆ, ಬೆರಳು ನೆಕ್ಕದೆ, ಬಂದ ಸಾಹೇಬರಿಗೆಲ್ಲ ಬೇಯಿಸಿ ಹಾಕಿದ್ದ. ಉಪ್ಪಿಗೆ ಎಂತ ವಾಸನೆ, ಸುಳ್ಳು ಹೇಳ್ತ್ರಿ ಎಂದು ಹೆಂಡತಿ ಗಣಪಿ ನಗುತ್ತಿದ್ದಳು. ಅದೆ, ನಿಂಗೆ ತಿಳಿಯೂದಿಲ್ಲ ಎನ್ನುತ್ತಿದ್ದ. ಬಿಸಿ ಇದ್ದಾಗ ಇರುತ್ತದೆ, ಹೌದು. ಈಗ ತಟ್ಟೆಯಲ್ಲಿ ಬಿಳಿಚಿಕೊಂಡು ಬಿದ್ದಿದ್ದ ಇದು ಯಾರದೋ ಮನೆಯ ಕೋಳಿ. ಡಿಸೆಂಬರ್ ಇಪ್ಪತ್ತೆರಡು ಬಂದರೂ ಹತ್ತು ಗಂಟೆಗೇ ಹಂಚಿನಿಂದ ಕಾವು ಇಳಿಯುತ್ತಿತ್ತು, ಬನಿಯನು ಬೆನ್ನಿಗೆ ಅಂಟಿಕೊಂಡಿತ್ತು. ಅವನಿಗೆ ಸಾಕಾಗಿತ್ತು. ಇವತ್ತಿನ ಮಟ್ಟಿಗಲ್ಲ, ಒಟ್ಟಾರೆ ಸಾಕಾಗಿತ್ತು.

ಇದೆಲ್ಲ ಶುರುವಾದದ್ದು ಮೇಮ್ಸಾಬರಿಂದ. ಗೇರುಸೊಪ್ಪೆಯ ಮೇಲ್ಗಡೆ ಹೊಳೆ ಅಳೆಯುವುದಕ್ಕೆಂದು ಆಸ್ಟ್ರೇಲಿಯಾದಿಂದ ಒಬ್ಬ ಇಂಜಿನಿಯರು ಬಂದು ತಿಂಗಳಿಂದ ಬಂಗಲೆಯಲ್ಲಿ ಇಳಿದಿದ್ದ; ಜೊತೆಗೆ ಹೆಂಡತಿ. ತೆಳ್ಳಗಿನ ಹೆಂಗಸು, ಮೂಗು ಸದಾ ಕೆಂಪು, ವರಾಂಡದಲ್ಲಿ ಕೂತು ಹೊಳೆ ಸಮುದ್ರ ಸೇರುವುದನ್ನು ನೋಡುತ್ತಾ ಪತ್ರ ಬರೆಯುತ್ತಿದ್ದಳು. ಹೋದ ವಾರ ಓವರ್ಸಿಯರ್ ತ್ರ್ಯಂಬಕ ರಾಯರನ್ನು ಕರೆದು ಬಹಳ ಹೊತ್ತು ಏನೋ ಹೇಳಿದಳು, ಹೇಳುತ್ತಾ ಹೇಳುತ್ತಾ ಕಣ್ಣು ಒರೆಸಿಕೊಂಡಳು. ರಾಯರು ಅಡುಗೆಮನೆಗೆ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬೇಯುವುದು ಏನೋ ಎಂತೋ ಎಂದು ಅವರು ಹೊಸ್ತಿಲು ದಾಟುತ್ತಿರಲಿಲ್ಲ. "ಅವರ ದೇಶದಲ್ಲಿ ಕ್ರಿಸ್ಮಸ್ಸು ಬರೋದು ಸುಡು ಬೇಸಿಗೆಯಲ್ಲಂತೆ ಮಾರಾಯ. ನಮ್ಮ ವೈಶಾಖ ಇದ್ದ ಹಾಗೆ. ಅದಕ್ಕೆ ಹಬ್ಬದೂಟ ಎಲ್ಲ ತಣ್ಣಗೆ. ಹಿಂದಿನ ದಿನವೇ ಬೇಯಿಸಿ, ಆರಿಸಿ, ಮಾರನೇ ದಿನ ವರಾಂಡದಲ್ಲಿ ಕೂತು ತಿನ್ನೋದು. ಕೋಳಿ ತಣ್ಣಗೆ, ಮೀನು ತಣ್ಣಗೆ, ಸಿಹಿಯೂ ತಣ್ಣಗೆ. ಇಲ್ಲಿನ ಸೆಕೆಗೆ ತಾಯಿಮನೆ ನೆನಪಾತು ಅಂದ್ರು. ಬೆಳಗಾವಿಯಿಂದ ದೊಡ್ಡ ಸಾಹೇಬರೂ ಬರ್ತಾರೆ. ನೀನು ಬಿಳಿ ಸಾಹೇಬರ ಕಾಲದಿಂದ ಇದ್ದವ, ನಿಂಗೆ ಗೊತ್ತೇ ಅದೆ ಅಲ್ದಾ." ಗೊತ್ತದೆ ಎಂದಿದ್ದ ವೆಂಕ್ಟ್ರಮಣ. ಗೊತ್ತಿಲ್ಲವೆಂದು ಆಗಲೇ ಹೇಳಿಬಿಡಬಹುದಿತ್ತು.

ಭಾನುವಾರ ಒಂದು ಕೋಳಿ ಬೇಯಿಸಿ ಆರಿಸಿ ಕೊಟ್ಟು ನೋಡಿದ. ತಟ್ಟೆ ಹೋದ ಹಾಗೇ ವಾಪಸು ಬಂತು. ಮೇಮ್ಸಾಬ ಅಡುಗೆಮನೆಯ ತನಕ ತಾನೇ ಬಂದು, ನಗುನಗುತ್ತಲೇ, ಎರಡು ಬೆರಳು ಕೂಡಿಸಿ ಚಿಟಿಕೆ ತೋರಿಸಿ, ಬಾಯಿ ಮುಟ್ಟಿಕೊಂಡು, ಕೈ ಅಲ್ಲಾಡಿಸಿ ಹೋದಳು. ಕಮ್ಮಿಯೋ ಜಾಸ್ತಿಯೋ ಅದೂ ತಿಳಿಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ರಾಯರು ಮಾತ್ರ ಆಮೇಲೆ ಮೆಲ್ಲಗೆ ಹೇಳಿದರು: "ಹಬ್ಬದ ದಿನ ಹೀಗಾದ್ರೆ ನಾ ಕಾರವಾರದಿಂದ ಬೇರೆಯವನನ್ನ ತರಿಸಬೇಕಾಗ್ತದೆ. ಬಂದವನಿಗೆ ಹಿಂದಿನ ಎರಡು ಖೋಲಿ ಬೇಕಾಗ್ತದೆ. ನೀನೇ ವಿಚಾರ ಮಾಡು." ಆ ಎರಡು ಖೋಲಿಗಳಲ್ಲಿ ಗಣಪಿ ಇದ್ದಳು, ಅವಳ ಉಬ್ಬಸ ಇತ್ತು, ದೇವರ ಪಟ ಇತ್ತು. ಊರಲ್ಲಿದ್ದ ಮನೆಯ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು ಎಷ್ಟೋ ಕಾಲವಾಗಿತ್ತು. ಸುದ್ದಿ ಕೇಳಿ ಗಣಪಿ ಗೋಡೆಗೆ ಒರಗಿ ಉಸಿರಾಡುತ್ತಾ ಕೂತಳು. ಅವಳಿಗೆ ಒಂದು ಚೂರು ಕೊಟ್ಟು ಉಪ್ಪು ಕೇಳೋಣವೆಂದರೆ, ಈ ಬಂಗಲೆಯ ಪಾತ್ರೆಯಲ್ಲಿ ಏನೇನು ಬೆಂದಿದೆಯೋ ಎಂದು ಅವಳು ಇಲ್ಲಿನ ಒಂದು ಗುಟುಕು ಚಾ ಸಹ ಕುಡಿದವಳಲ್ಲ.

ತಾನೇ ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡರೆ ಆಯಿತಲ್ಲ? ಹಬ್ಬಕ್ಕೆ ಕೋಳಿ ತಿನ್ನುವ ಜಾತಿಯೇ ಅವನದು. ಮಾತು ಕೋಳಿಯದಲ್ಲ. ಕೈ ತಟ್ಟೆಯ ತನಕ ಹೋಯಿತು, ಅಲ್ಲೇ ನಿಂತಿತು. ಆರು ವರ್ಷದವನಿದ್ದಾಗ ತಿರುಪತಿ ದೇವರಿಗೆ ಎಡೆ ಇಡುವ ಮೊದಲು ಪಾಯಸದ ಸೌಟು ನೆಕ್ಕಿದ್ದಕ್ಕೆ ಅವ್ವ ಅದೇ ಸೌಟಿನಿಂದ ಮೊಣಕೈಗೆ ಹೊಡೆದಿದ್ದಳು, ಇಡೀ ಹಂಡೆ ಪಾಯಸ ಕರುವಿಗೆ ಹೋಗಿತ್ತು, ಮನೆಮಂದಿ ಎಲ್ಲ ಅವನನ್ನೇ ನೋಡುತ್ತಾ ಬರೀ ಅನ್ನ ಉಂಡಿದ್ದರು. ಬಡಿಸುವ ಮೊದಲು ಬಾಯಿಗಿಟ್ಟದ್ದು ಎಂಜಲು, ಎಂಜಲು ಬಡಿಸಿದವನ ಕೈ ಯಾರಿಗೂ ಬೇಡ. ಇಷ್ಟನ್ನು ಅವನು ಬಲ್ಲ. ಇಷ್ಟನ್ನು ಬಲ್ಲದ್ದರಿಂದಲೇ ಅವನಿಗೆ ಈ ಕೆಲಸ ಸಿಕ್ಕಿದ್ದು. ಹಾಗೆಂದುಕೊಂಡ ಕೂಡಲೇ ಕೋಳಿಯ ಮೇಲೆ ತಟ್ಟೆ ಮುಚ್ಚಿ ಹೊರಗೆ ಬಂದು ನಿಂತ.

ಇನಾಸನ ಹತ್ತಿರ ಹೋಗಬೇಕು. ನಾಲ್ಕು ದಿನದಿಂದ ಗೊತ್ತಿದ್ದ ಮಾತು ಇದು. ಬಿಳಿ ಸಾಹೇಬರ ಕಾಲದಲ್ಲಿ ಈ ಬಂಗಲೆಯ ಅಡುಗೆಯವನು ಇನಾಸ. ವೆಂಕ್ಟ್ರಮಣ ಬರೀ ಪಾತ್ರೆ ತೊಳೆಯುವವನು, ಮಸಾಲ್ಚಿ. ಊರವರಿಗೆ, ರಾಯರಿಗೆ, ಕೆಲವು ಸಲ ಗಣಪಿಗೂ ಅವನು ಬೇರೆ ಕಥೆ ಹೇಳಿಕೊಂಡು ಬಂದಿದ್ದ, ಹೇಳಿ ಹೇಳಿ ತನಗೇ ಅದು ಅಭ್ಯಾಸವಾಗಿತ್ತು. ಕ್ರಿಸ್ಮಸ್ಸಿನ ಊಟಗಳೆಲ್ಲ ಇನಾಸ ಮಾಡಿದ್ದು. ದೇಶ ಸ್ವತಂತ್ರವಾದ ಮಾರನೇ ವರ್ಷ ಹೊಸ ಪ್ರಾಂತ ಸಾಹೇಬರು ಬಂದರು, ನಮ್ಮವರೇ, ಬಲು ಶುಚಿಯ ಮನುಷ್ಯ. ಕೈ ತೊಳೆಯುವುದಕ್ಕೆ ನೀರು ಹಿಡಿದಾಗ, ಅಡುಗೆಯೆಲ್ಲ ಶುದ್ಧವಾಗಿ ಮಾಡ್ತಾನೋ ಆ ಕಿರಿಸ್ತಾನ ಎಂದು ಸುಮ್ಮನೆ ಕೇಳಿದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ವೆಂಕ್ಟ್ರಮಣ ತಂಬಿಗೆ ಬಗ್ಗಿಸುತ್ತಲೇ ಹೇಳಿದ: ಸೌಟಿಂದಲೇ ರುಚಿ ನೋಡ್ತ ಸಾಹೇಬ್ರೇ, ಅದೇ ಸೌಟು ಮತ್ತೆ ಪಾತ್ರೆಗೆ ಹಾಕ್ತ. ಸುಳ್ಳು. ಇನಾಸ ಸೌಟನ್ನು ಎತ್ತರ ಹಿಡಿದು ಎಡಗೈಯ ಹಿಂಬದಿಗೆ ಒಂದು ಹನಿ ಬಿಟ್ಟುಕೊಂಡು ಆ ಹನಿಯನ್ನು ನೆಕ್ಕುತ್ತಿದ್ದ, ಆಮೇಲೆ ಆ ಕೈಯನ್ನೂ ತೊಳೆಯುತ್ತಿದ್ದ. ಸೌಟು ಎಂದೂ ಅವನ ತುಟಿಗೆ ತಾಗಿದ್ದಿಲ್ಲ. ಹತ್ತು ವರ್ಷ ಪಕ್ಕದಲ್ಲೇ ಕೂತು ಪಾತ್ರೆ ತಿಕ್ಕಿದವನಿಗೆ ಇದು ಗೊತ್ತಿರಲಿಲ್ಲವೇ. ಸಂಜೆಯೊಳಗೆ ಇನಾಸನ ಟ್ರಂಕು ಹೊರಗೆ ಬಂತು. ಮಾತು ಕುಮಟೆಯ ತನಕ ಹೋಯಿತು. ಮುಂದೆ ಯಾರೂ ಅವನನ್ನು ಮದುವೆಗೂ ಕರೆಯಲಿಲ್ಲ, ಖಾನಾವಳಿಯವರೂ ಸೇರಿಸಿಕೊಳ್ಳಲಿಲ್ಲ. ಈಗ ಹೊಳೆಯ ನಡುಗಡ್ಡೆ ಮಾವಿನಕುರ್ವೆಯಲ್ಲಿ ಯಾರದೋ ತೆಂಗಿನ ತೋಟ ಕಾಯುತ್ತಾನಂತೆ. ಆ ದಿನ ಟ್ರಂಕನ್ನು ದೋಣಿ ಧಕ್ಕೆಯ ತನಕ ಹೊತ್ತುಕೊಟ್ಟವನು ವೆಂಕ್ಟ್ರಮಣನೇ. ಅದನ್ನು ನೆನೆಸಿದರೆ ಇವತ್ತಿಗೂ ಹೆಗಲು ಉರಿಯುತ್ತದೆ.

ಹಿತ್ತಲಿನಿಂದ ಒಂದು ಹೇಂಟೆ ಹಿಡಿದು, ಕಾಲು ಕಟ್ಟಿ ಚೀಲಕ್ಕೆ ಹಾಕಿಕೊಂಡು ಗುಡ್ಡ ಇಳಿದ. ಗಣಪಿಗೆ ಪೇಟೆಗೆ ಹೋಗಿ ಬತ್ತೆ ಎಂದ. ಜಂಬಿಟ್ಟಿಗೆ ಕಲ್ಲಿನ ದಾರಿ ಕಾದು ಚಪ್ಪಲಿಯ ಒಳಕ್ಕೆ ಬಿಸಿ ಏರುತ್ತಿತ್ತು. ಧಕ್ಕೆಯಲ್ಲಿ ದೋಣಿಯ ಜಟ್ಟ ಚೀಲ ನೋಡಿ, "ಕುರ್ವೆಯಲ್ಲಿ ನೆಂಟರು ಯಾರು ಇದ್ರು ನಿಂಗೆ?" ಎಂದ. "ಇದ್ದಾರೆ ಒಬ್ರು," ಎಂದ ವೆಂಕ್ಟ್ರಮಣ. ನೀರಿನ ಮೇಲಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು, ತಲೆ ತಗ್ಗಿಸಿ ಕೂತು ಏನು ಹೇಳುವುದೆಂದು ಹೊಂದಿಸತೊಡಗಿದ. ಈ ಕಡೆ ಬಂದಿದ್ದೆ, ಹಾಗೇ ನೋಡಿ ಹೋಪ ಅಂತ. ಛೇ, ಹೇಂಟೆ ಹಿಡಕೊಂಡು ಯಾರು ಹಾಗೇ ಬರುತ್ತಾರೆ. ಹಬ್ಬ ಬಂತಲ್ಲ, ನಿಂಗೆ ಕೊಟ್ಟು ಹೋಪ ಅಂತ ತಂದೆ. ಇದು ಪರವಾಗಿಲ್ಲ. ಕೊಟ್ಟ ಮೇಲೆ ಮಾತಿಗೆ ಮಾತು ತೆಗೆದು, ತಣ್ಣಗಿನ ಊಟಕ್ಕೆ ಉಪ್ಪು ಹೇಗೆ ಹಾಕ್ತಿದ್ದೆ ಎಂದು ಕೇಳುವುದು. ಹಳೆಯದನ್ನು ಎತ್ತುವುದು ಬೇಡ. ಅವನಿಗೆ ಗೊತ್ತಿದ್ದರೆ ಬೈಯುತ್ತಾನೆ, ಬೈಸಿಕೊಂಡು ಬರುವುದು. ಗೊತ್ತಿಲ್ಲದಿದ್ದರೆ? ಗೊತ್ತಿಲ್ಲದೆ ಕೂರಿಸಿ ಉಪಚಾರ ಮಾಡಿದರೆ ಅದನ್ನು ತಡೆದುಕೊಳ್ಳುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ. ದೋಣಿ ಅಷ್ಟರಲ್ಲಿ ದಡ ಮುಟ್ಟಿತ್ತು.

ಇನಾಸ ಗುಡಿಸಲಿನ ಮುಂದೆ ತೆಂಗಿನ ಮಡಲು ಹೆಣೆಯುತ್ತಾ ಕೂತಿದ್ದ. ಎಷ್ಟು ಸಣ್ಣಗಾಗಿದ್ದನೆಂದರೆ ವೆಂಕ್ಟ್ರಮಣನಿಗೆ ಮೊದಲು ಅದು ಅವನ ಅಪ್ಪನೋ ಏನೋ ಅನ್ನಿಸಿತು. ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ವೆಂಕ್ಟ್ರಮಣ ಅಲ್ದಾ. ಬಾ, ಕೂತ್ಕೋ. ಬಿಸಿಲಲ್ಲಿ ಎಂತಕ್ಕೆ ಬರೂಕೆ ಹೋದೆ," ಎಂದ. ಅಷ್ಟೇ. ಒಳಗಿನಿಂದ ಚೊಂಬು ನೀರು, ಬೆಲ್ಲದ ಚೂರು ತಂದಿಟ್ಟ. ಹೊಂದಿಸಿಕೊಂಡು ಬಂದದ್ದೆಲ್ಲ ವೆಂಕ್ಟ್ರಮಣನಿಗೆ ಮರೆತುಹೋಯಿತು. ಬೆಲ್ಲ ಬಾಯಲ್ಲಿರುವಾಗಲೇ ಎಲ್ಲ ಹೇಳಿಬಿಟ್ಟ: ಮೇಮ್ಸಾಬ, ಸುಡು ಬೇಸಿಗೆಯ ಕ್ರಿಸ್ಮಸ್ಸು, ಭಾನುವಾರದ ಕೋಳಿ, ಕಾರವಾರದವನು, ಎರಡು ಖೋಲಿ. ಒಂದನ್ನು ಬಿಟ್ಟು ಎಲ್ಲ. ಇನಾಸ ಮಡಲು ಪಕ್ಕಕ್ಕಿಟ್ಟು ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಬೆನ್ನು ನೆಟ್ಟಗಾಗುತ್ತಿತ್ತು.

"ಆ ಬಂಗಲೆಗೆ ನಾ ಬರೂದಿಲ್ಲ," ಎಂದ. "ಅದು ಕೇಳ್ಬೇಡ. ಹೇಳಿಕೊಡ್ತೆ ಬೇಕಾರೆ. ಎಷ್ಟು ಜನ ಉಣ್ಣೂಕೆ?"

"ಆರು."

"ಹಾಗಾರೆ ಎರಡು ಕೋಳಿ. ಇಪ್ಪತ್ನಾಲ್ಕಕ್ಕೆ ಬೆಳಿಗ್ಗೆ ಬೇಯಿಸೂದು, ಅದರ ನೀರಲ್ಲೇ ಆರ್ಬೇಕು ಅದು, ಹೊರಗೆ ತೆಗೆದು ಇಟ್ರೆ ಕಟ್ಟಿಗೆ ಆತದೆ. ನೀನು ಹೊರಗೆ ತೆಗೆದು ಇಟ್ಟೆ ಅಲ್ದಾ?"

ವೆಂಕ್ಟ್ರಮಣ ಹೌದೆಂದ.

"ಮೀನು ಇಸ್ವಾಣವೇ ಬೇಕು. ಹುರಿದು, ಶೇಂದಿಯ ವಿನೆಗರಿಗೆ ಈರುಳ್ಳಿ ಮೆಣಸು ಹಾಕಿ ಅದ್ರಲ್ಲಿ ಮುಳುಗಿಸಿ ಒಂದು ದಿನ ಇಡು. ವಿನೆಗರು ನಾ ಕೊಡ್ತೆ, ಮನೇದು ಉಂಟು. ಬಟಾಟೆ, ಮೊಟ್ಟೆ ಬೇಯಿಸಿ ಕೊಚ್ಚೂದು. ಸಿಹಿಗೆ ತೆಂಗಿನ ಹಾಲು, ಮೊಟ್ಟೆ, ಬೆಲ್ಲ, ಹಬೇಲಿ ಬೇಯಿಸಿ ಬರ್ಫದ ಗಡ್ಡೆ ಮೇಲೆ ಇಡೂದು. ಬರ್ಫ ಎಲ್ಲಿಂದ?"

"ಮೀನಿನವರ ಹತ್ರ ಸಿಕ್ತದೆ."

"ಸಿಕ್ತದೆ, ಆದ್ರೆ ಬಂಗಡೆ ವಾಸನೆ ಹೊಡೀತದೆ. ಪಾತ್ರೆಯ ಹೊರಗೆ ಸುತ್ತ ಇಡು, ಒಳಗೆ ಒಂದು ಚೂರು ಬೀಳ್ಬಾರದು. ಟೇಬಲ್ಲಿಗೂ ಇಡ್ಬೇಡ." ಹೇಳುತ್ತಿದ್ದವನು ನಿಂತು, ಚೀಲದೊಳಗೆ ಒದ್ದಾಡುತ್ತಿದ್ದ ಹೇಂಟೆಯ ಕಡೆ ನೋಡಿದ. "ಬಾಯಲ್ಲಿ ಹೇಳಿದ್ದು ನಿಂಗೆ ತಿಳಿಯೂದಿಲ್ಲ. ಇದನ್ನೇ ಮಾಡಿ ತೋರಿಸ್ತೆ. ಸಂಜೆಗೆ ಆರ್ತದೆ, ಕಡೇ ದೋಣಿಗೆ ಹೋದ್ರಾತು."

ಕೋಳಿ ಹಿಡಿದ ಕೂಡಲೇ ಮುದುಕನ ಕೈ ಹಳೆಯ ಹಾಗೇ ಓಡಿತು. ವೆಂಕ್ಟ್ರಮಣ ಹಳೆಯ ಅಭ್ಯಾಸದಂತೆ ನೆಲದ ಮೇಲೆ ಕೂತು ಪಾತ್ರೆ ತಿಕ್ಕಿಕೊಟ್ಟ. ಹೀಗೇ ಕೂತಿದ್ದ ಹತ್ತು ವರ್ಷ. ಇನಾಸ ಒಲೆಯ ಹತ್ತಿರ, ತಾನು ಬಚ್ಚಲ ಹತ್ತಿರ. ಸಾಹೇಬರ ತಟ್ಟೆಯಲ್ಲಿ ಮಿಕ್ಕಿದ್ದನ್ನು ಇನಾಸ ಎಲೆಯಲ್ಲಿ ಕಟ್ಟಿ ತಿನ್ನು ಎಂದು ಕೊಡುತ್ತಿದ್ದ, ಇವನು ಬೇಡವೆನ್ನುತ್ತಿದ್ದ, ಬೇಡವೆನ್ನುವಾಗ ಒಂದು ಹೆಮ್ಮೆ ಇರುತ್ತಿತ್ತು. ಅವನ ಅಡುಗೆಯನ್ನು ಒಂದು ಸಲವೂ ತಿಂದಿರಲಿಲ್ಲ. ಈಗ ಹಬೆ ಎದ್ದಿತು, ವೆಂಕ್ಟ್ರಮಣನ ಮೂಗು ತಾನಾಗಿಯೇ ಅತ್ತ ತಿರುಗಿತು. ಮೆಣಸು, ಬೆಳ್ಳುಳ್ಳಿ, ದಾಲ್ಚಿನ್ನಿಯ ಒಂದೇ ಒಂದು ಎಲೆ, ಎಲ್ಲ ಸರಿಯಾಗಿತ್ತು. ಇನಾಸ ಸೌಟು ಎತ್ತರ ಹಿಡಿದು ಎಡಗೈ ಹಿಂಬದಿಗೆ ಹನಿ ಬಿಟ್ಟುಕೊಂಡ. ವೆಂಕ್ಟ್ರಮಣ ತಲೆ ಬಗ್ಗಿಸಿ ತಿಕ್ಕಿದ್ದ ಪಾತ್ರೆಯನ್ನೇ ಮತ್ತೆ ತಿಕ್ಕಿದ. ಮುದುಕ ಹನಿ ನೆಕ್ಕಿ, ಸ್ವಲ್ಪ ಹೊತ್ತು ಹಾಗೇ ನಿಂತು, ಚಿಟಿಕೆ ಉಪ್ಪು ಹಾಕಿ ಮುಚ್ಚಿದ.

ಬಾವಿಕಟ್ಟೆಯ ನೆರಳಲ್ಲಿ ತಣ್ಣೀರಿನ ಮರಿಗೆಯೊಳಗೆ ಪಾತ್ರೆ ಇಟ್ಟು ಕಾದರು. ಗಾಳಿ ಇರಲಿಲ್ಲ. ಬಿಸಿಲು ತೆಂಗಿನ ಬುಡದಿಂದ ಬುಡಕ್ಕೆ ಸರಿಯುತ್ತಿತ್ತು, ಹೊಳೆಯ ಕಡೆಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ಇನಾಸ ಒಂದೊಂದೇ ಹಳೆಯ ಊಟ ನೆನೆಸಿ ಹೇಳಿದ, ಯಾವ ಸಾಹೇಬ ಏನು ತಿಂದ, ಯಾರು ಎರಡನೇ ಸಲ ಕೇಳಿದರು. ಬಂಗಲೆ ಬಿಟ್ಟದ್ದರ ಮಾತೇ ಎತ್ತಲಿಲ್ಲ. ಟ್ರಂಕು ಬಹಳ ಭಾರ ಇತ್ತು ಆವತ್ತು, ನೀ ಹೊತ್ತುಕೊಟ್ಟೆ ಎಂದು ಮಾತ್ರ ಒಮ್ಮೆ ಹೇಳಿದ. ಗೊತ್ತಿದ್ದು ಹೇಳಿದನೋ ಗೊತ್ತಿಲ್ಲದೆಯೋ. ವೆಂಕ್ಟ್ರಮಣನಿಗೆ ಎದ್ದು ಹೋಗಿಬಿಡುವ ಅನ್ನಿಸಿತು, ಕಾರವಾರದವನು ಬರಲಿ, ಖೋಲಿ ಹೋಗಲಿ. ಆದರೆ ಉಪ್ಪು ಬೇಕಿತ್ತು. ನಾಚಿಕೆಗೆಟ್ಟವನ ಹಾಗೆ ಕೂತೇ ಇದ್ದ.

ನೆರಳು ಉದ್ದವಾದ ಮೇಲೆ ಇನಾಸ ಕೋಳಿಯನ್ನು ತೆಗೆದು ಬಾಳೆಲೆಯ ಮೇಲಿಟ್ಟ. "ತಣ್ಣಗೆ ತಿನ್ನೂದಕ್ಕೆ ಉಪ್ಪು ಬೇರೆ. ಬಿಸಿ ಇದ್ದಾಗ ಸರಿ ಕಂಡದ್ದು ಆರಿದ ಮೇಲೆ ಸಪ್ಪೆ. ಅದಕ್ಕೆ ಆರಿದ ಮೇಲೇ ತಿಂದು ನೋಡ್ಬೇಕು, ಮೂಗಿನ ಕೆಲಸ ಅಲ್ಲ ಅದು." ಎದೆಯ ಒಂದು ಎಳೆ ಕಿತ್ತು ಇವನ ಮುಂದೆ ಹಿಡಿದ. "ನೀನೇ ನೋಡು. ಎರಡು ವರ್ಷದ ಹಿಂದೆ ಜ್ವರ ಬಂದು ಹೋತಲ್ಲ, ಆಗಿಂದ ನನ್ನ ನಾಲಗೆ ಸತ್ತುಹೋತು. ಉಪ್ಪೂ ಒಂದೇ, ಬೂದಿಯೂ ಒಂದೇ. ಕೈ ಅಳತೆ ಮೇಲೆ ಹಾಕ್ದೆ. ನಲವತ್ತು ವರ್ಷದ ಕೈ, ತಪ್ಪೂದಿಲ್ಲ. ಆದ್ರೂ ಹೇಳು."

ವೆಂಕ್ಟ್ರಮಣ ತುಟಿಯ ತನಕ ತಂದು, "ಸರಿ ಅದೆ," ಎಂದ.

"ಜಗಿದ್ದು ಕಾಣ್ಲಿಲ್ಲ ನಂಗೆ."

ಬಾಯಿಗೆ ಹಾಕಿಕೊಂಡ. ಮೊಣಕೈ ಸೆಳೆದುಕೊಂಡಿತು, ಅವ್ವ ಎಲ್ಲೋ ಬಾಗಿಲಲ್ಲಿ ನಿಂತ ಹಾಗಾಯಿತು. ಮೆಲ್ಲಗೆ ಅಗಿದ. ಮಾಂಸ ಮೆತ್ತಗಿತ್ತು, ಹಲ್ಲಿಗೆ ಹಿತವಾಗಿತ್ತು, ದಾಲ್ಚಿನ್ನಿ ಎಲ್ಲೋ ಹಿಂದೆ ಇತ್ತು. ಇಂಥದ್ದು ತಿನ್ನುತ್ತಿದ್ದರೇ ಆ ಸಾಹೇಬರೆಲ್ಲ, ಇದನ್ನೇ ತಾನು ಬೇಡವೆನ್ನುತ್ತಿದ್ದದ್ದು, ಇದನ್ನೇ ಒಂದು ತಂಬಿಗೆ ನೀರು ಬಗ್ಗಿಸುವಷ್ಟು ಹೊತ್ತಿನಲ್ಲಿ ನಿಲ್ಲಿಸಿಬಿಟ್ಟದ್ದು. ನುಂಗಿದ. ಬಾಯಿ ಬರಿದಾದ ಕೂಡಲೇ ಮಾತು ಬಂತು.

"ಇನಾಸ, ಆವತ್ತು ಪ್ರಾಂತ ಸಾಹೇಬರ ಹತ್ರ ಸೌಟಿನ ವಿಷಯ ಹೇಳಿದ್ದು ನಾನು. ಸುಳ್ಳು ಹೇಳ್ದೆ."

"ಗೊತ್ತುಂಟು," ಎಂದ ಇನಾಸ. ಎಲೆಯ ಮೇಲೆ ಕೂತ ನೊಣವನ್ನು ಓಡಿಸಿದ. "ಮಾರನೇ ದಿನ ನನ್ನ ಜಾಗ ನಿಂಗೆ ಕೊಟ್ರಲ್ಲ, ಆವಾಗ್ಲೇ ಗೊತ್ತಾತು. ಅದ್ರಲ್ಲಿ ತಿಳಿಯೂಕೆ ಎಂತ ಉಂಟು."

ಬೈಗುಳ ಬರಲಿಲ್ಲ. ಮುಖದಲ್ಲಿ ಒಂದು ಗೆರೆ ಸಹ ಆಚೀಚೆ ಆಗಲಿಲ್ಲ. ವೆಂಕ್ಟ್ರಮಣ ಕಾದ, ಇಷ್ಟೇಯೋ ಎಂದು ಕಾದ. ಹದಿಮೂರು ವರ್ಷ ಹೊತ್ತದ್ದನ್ನು ಇಳಿಸಿದರೆ ಇಷ್ಟೇ ಸದ್ದಾಗುವುದೋ. ಆದರೂ ಎದೆ ಹಗುರಾಗಿತ್ತು, ಸುಳ್ಳಲ್ಲ. ಖರೆ ಹೇಳಿದವನು ತಾನು ಅನ್ನಿಸಿ, ಬೆನ್ನು ಸಹ ಸ್ವಲ್ಪ ನೆಟ್ಟಗಾಗಿತ್ತು.

"ನಾ ಕೇಳಿದ್ದು ಉಪ್ಪು," ಎಂದ ಇನಾಸ.

"ಕಮ್ಮಿ ಅದೆ," ಎಂದ ವೆಂಕ್ಟ್ರಮಣ, ಆ ಹಗುರದಲ್ಲೇ. "ಸುಮಾರು ಕಮ್ಮಿ. ಸಪ್ಪೆ."

ಇನಾಸ ಅವನನ್ನು ನೋಡಿದ. ಸೌಟಿನ ಮಾತು ಹೇಳಿದಾಗ ಆಗದ್ದು ಈಗ ಆಯಿತು. ಮುದುಕನ ಗಲ್ಲ ಕುಸಿಯಿತು. ಬಲಗೈಯನ್ನು ಎತ್ತಿ, ಹೆಬ್ಬೆರಳು ತೋರುಬೆರಳು ಕೂಡಿಸಿ, ಆ ಚಿಟಿಕೆಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ನಾಲಗೆ ಹೋದರೂ ಇದು ಉಳಿದಿದೆ ಎಂದುಕೊಂಡಿದ್ದನೇನೋ, ಎರಡು ವರ್ಷ ಈ ತೋಟದಲ್ಲಿ ಒಬ್ಬನೇ ಕೂತು ಅದೊಂದನ್ನೇ ನಂಬಿಕೊಂಡಿದ್ದನೇನೋ.

"ಸ್ವಲ್ಪವೇ," ಎಂದ ವೆಂಕ್ಟ್ರಮಣ ಗಡಬಡಿಸಿ. ಇನ್ನೊಂದು ತುಂಡು ಕಿತ್ತು ಬಾಯಿಗೆ ತುರುಕಿಕೊಂಡ. "ಇಲ್ಲ, ಈ ಕಡೆ ಸರಿ ಅದೆ. ಒಳಗಡೆ ಹಿಡಿದದೆ ಇನಾಸ, ಖರೆ."

ಇನಾಸ ಬೆರಳುಗಳನ್ನು ಬಿಡಿಸಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡ. ಹೊಳೆಯ ಕಡೆಯಿಂದ ಜಟ್ಟ ಕಡೇ ದೋಣಿಗೆ ಕೂಗುವುದು ಕೇಳಿಸಿತು.

"ಸುಳ್ಳು ಬೇಕಾದಾಗ ನಿಂಗೆ ಬರ್ಲಿಲ್ಲ ನೋಡು," ಎಂದ ಮುದುಕ.